ಒಂದು ಹಗಲು ಒಂದು ರಾತ್ರಿಯ ದಾರಿ

ಬಕೆಟ್ಟಿನಿಂದ ಏಳುವ ಹಬೆ ಮುಖಕ್ಕೆ ಬಡಿಯುತ್ತಿದೆ, ಹರಿಪ್ರಿಯಾ ಕಾಲು ಇಳಿಬಿಟ್ಟಿಲ್ಲ, ಅತ್ತಿಗೆ ಎದುರಿಗೇ ನಿಂತಿದ್ದಾಳೆ, ಇಡು ಪ್ರಿಯಾ, ಸೂತಕ ಅಂತ ಎಣ್ಣೆ ಹಚ್ಚೋ ಹಾಗಿಲ್ಲ, ಬಿಸಿನೀರಲ್ಲಾದ್ರೂ ಇಡು, ಒಂದು ಹಗಲು ಒಂದು ರಾತ್ರಿ ಕೂತೇ ಬಂದಿದೀಯ — ಒಂದು ಹಗಲು ಒಂದು ರಾತ್ರಿ, ಈ ಮೇಳಿಗೆ ಊರಿನಲ್ಲಿ ಎಲ್ಲರಿಗೂ ಬಾಯಿಪಾಠ, ಕಲಿಸಿದವಳು ಅವಳೇ, ಎಂಟು ವರ್ಷದ ಹಿಂದೆ, ಅಮ್ಮನ ಮೊಣಕಾಲಿನ ಆಪರೇಷನ್ನಿದೆ, ಒಂದು ತಿಂಗಳು ಬಂದಿದ್ದು ಹೋಗು ಅಂತ ಅಣ್ಣ ಫೋನ್ ಮಾಡಿದಾಗ, ಸಿಂಗಾಪುರ ಅಂದ್ರೆ ಶಿವಮೊಗ್ಗ ಅಂದ್ಕೊಂಡ್ಯಾ ಅಣ್ಣ, ಒಂದು ಹಗಲು ಒಂದು ರಾತ್ರಿ ವಿಮಾನದಲ್ಲೇ ಕೂರ್ಬೇಕು, ಬಾಯಿಗೆ ಬಂದದ್ದು ಹಾಗೇ ಬಂದುಬಿಟ್ಟಿತ್ತು, ಆಮೇಲೆ ಪ್ರತಿ ಸಲವೂ ಅದೇ, ಅಮ್ಮ ಬಿದ್ದಾಗ, ಅಮ್ಮನ ಕಣ್ಣು ಮಂಜಾದಾಗ, ದೂರ ಅಣ್ಣ, ತುಂಬಾ ದೂರ. ವಿಮಾನದಲ್ಲಿ ಬರೀ ನಾಲ್ಕೂವರೆ ಗಂಟೆ. ಮೂರು ಸಾವಿರದ ಇನ್ನೂರು ಕಿಲೋಮೀಟರು. ಒಂದು ಊಟ, ಅರ್ಧ ಸಿನಿಮಾ, ಬೆಂಗಳೂರು, ಅಲ್ಲಿಂದ ಈ ಮನೆಗೆ ಬರುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಅಣ್ಣನ ಜೇಬಿನಲ್ಲಿ ಫೋನಿದೆ, ಒಂದು ಸಲ ಹುಡುಕಿದ್ದರೆ ತಿಳಿಯುತ್ತಿತ್ತು, ಅವನು ಹುಡುಕುವವನಲ್ಲ, ತಂಗಿ ಹೇಳಿದ ಮೇಲೆ ಮುಗಿಯಿತು, ಯಾಕೆ ನಂಬಿದೆ ಮಾರಾಯ, ನಿನಗೆ ಸ್ವಲ್ಪವಾದರೂ ಅನುಮಾನ ಪಡುವ ಬುದ್ಧಿ ಇರಬಾರದಿತ್ತಾ — ನಿನ್ನೆ ಬೆಳಗಿನ ಜಾವ ಅದೇ ಅಣ್ಣ, ಅಮ್ಮ ಹೋದ್ಲು ಕಣೇ, ನೀನು ಬರೋದ್ರೊಳಗೆ ನಾಳೆ ಆಗುತ್ತೆ, ಅಷ್ಟು ಹೊತ್ತು ಇಡೋಕಾಗಲ್ಲ, ಏನ್ ಮಾಡ್ಲಿ ಹೇಳು. ಕೇಳಿದ್ದ ಅವನು. ಸಂಜೆಯೊಳಗೆ ಬರ್ತೀನಿ, ಕಾದಿರು, ಅಷ್ಟೇ ಹೇಳಬೇಕಿದ್ದದ್ದು, ಹೇಳಿದ್ದರೆ ಎಂಟು ವರ್ಷದ ಸುಳ್ಳೂ ಬಯಲಿಗೆ ಬರುತ್ತಿತ್ತು, ಆಯ್ತು ಅಣ್ಣ, ಮಾಡಿಬಿಡಿ ಅಂದಳು, ಪಾಪಿ, ಅಂದವಳೇ ಮೊದಲ ವಿಮಾನ ಹತ್ತಿದಳು, ಬೆಂಗಳೂರಿನಲ್ಲಿ ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಇಲ್ಲಿ ಚಿತೆಗೆ ಬೆಂಕಿ, ಹೊತ್ತು ಮುಳುಗುವ ಮೊದಲೇ ಶಿವಮೊಗ್ಗ ಮುಟ್ಟಿದರೂ ಮನೆಗೆ ಬರಲು ಧೈರ್ಯವಿಲ್ಲ, ಇಷ್ಟು ಬೇಗ ಹೇಗೆ ಬಂದೆ ಅಂತ ಕೇಳಿದರೆ, ಲಾಡ್ಜಿನಲ್ಲಿ ಮಲಗಿ ಬೆಳಗು ಮಾಡಿದಳು, ತಾಯಿಯ ಬೂದಿ ಆರುವ ತನಕ ಸುಳ್ಳಿಗೆ ಕಾವಲು ಕೂತ ಮಗಳು.

ಅಣ್ಣ ಬಂದ, ಬೋಳಿಸಿದ ತಲೆ, ಬಾತ ಕಣ್ಣು, ಕ್ಷಮಿಸು ಪ್ರಿಯಾ, ಕೊನೇ ಸಲ ಮುಖ ತೋರಿಸೋಕಾಗ್ಲಿಲ್ಲ, ಅವಳೇ ಹೇಳ್ತಿದ್ಲಲ್ಲ, ಕೂಸು ಅಷ್ಟು ದೂರದಿಂದ ಓಡಿ ಬರೋದು ಬೇಡ, ಕಾಯ್ಬೇಡಿ ಅಂತ — ಯಾಕೆ ಹೇಳಿದಳು, ಕಾಯಬೇಡಿ ಅಂತ ಅಮ್ಮ ಯಾಕೆ ಹೇಳಿದಳು, ಇವಳು ಬಂದಾಗಲೆಲ್ಲ ಇದೇ ಜಗಲಿಯಲ್ಲಿ ಕಾಲನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು, ಪಾಪ, ಕೂತೂ ಕೂತೂ ಬಾತಿದೆ ಅಂತ ಪಕ್ಕದ ಮನೆಯ ಜಲಜಮ್ಮನಿಗೂ ಕೇಳುವ ಹಾಗೆ ಹೇಳಿ, ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು, ಅಪ್ಪನ ಹೃದಯ ಸೋತ ಮೂರು ವರ್ಷವೂ ಬೆಳಿಗ್ಗೆ ಎದ್ದು ಅವರ ಬಾತ ಕಾಲು ಒತ್ತಿ, ಇವತ್ತು ಇಷ್ಟು ಗುಳಿ ಬಿತ್ತು ಅಂತ ಡಾಕ್ಟರಿಗೆ ಹೇಳುತ್ತಿದ್ದವಳು, ಬಾವು ಯಾವುದು, ಅಲ್ಲದ್ದು ಯಾವುದು ಅಂತ ಅಮ್ಮನಿಗಾ ಗೊತ್ತಿರಲಿಲ್ಲ, ಒತ್ತುತ್ತಿದ್ದಳು, ನೋಡುತ್ತಿದ್ದಳು, ಎಣ್ಣೆಯ ಬಟ್ಟಲಿಗೆ ಕೈ ಹಾಕುತ್ತಿದ್ದಳು — ನೀರು ಆರ್ತಾ ಇದೆ ಪ್ರಿಯಾ — ಆ ಹೆಬ್ಬೆರಳು, ಪಾದದ ಮೇಲೆ ಒತ್ತಿ, ತೆಗೆದು, ಗುಳಿ ಬೀಳಲಿಲ್ಲ, ಮತ್ತೆ ಒತ್ತಿ, ಗುಳಿ ಬೀಳಲಿಲ್ಲ.