ಬಕೆಟ್ಟಿನ ಬಿಳಿ ನೀರು

ಬೆಳಿಗ್ಗೆ ಹನ್ನೊಂದೂ ಕಾಲು. ನಾಲ್ಕು ವರ್ಷದ ರಂಜಿತಾ ಎಷ್ಟು ಅಲುಗಾಡಿಸಿದರೂ ಏಳಲಿಲ್ಲ.

ಆ ಹೊತ್ತಿನಲ್ಲಿ ಮಲಗುವ ಮಗು ಅಲ್ಲ ಅವಳು. ಹತ್ತೂವರೆಗೆ ಒಬ್ಬಳೇ ಶೌಚಾಲಯಕ್ಕೆ ಹೋಗಿ ಬಂದಿದ್ದಳು. ಹಾಗೆ ಹೋಗಲು ಶುರುಮಾಡಿ ಹದಿನೈದು ದಿನವಾಗಿತ್ತು. ಚಿಲಕ ಹಾಕಬಾರದು, ನೀರು ಸುರಿಯಬೇಕು, ಕೈ ತೊಳೆಯಬೇಕು ಎಂದು ತಾಯಿ ಯಶೋದಾ ಹೇಳಿಕೊಟ್ಟಿದ್ದಳು.

"ಅವ್ವ, ಲೆಟ್ರಿನ್ನಾಗೆ ಹಾಲೈತೆ," ಎಂದು ಓಡಿ ಬಂದು ಹೇಳಿದ್ದಳು.

"ಹಾಲಲ್ಲ ಕಣೇ, ಫಿನಾಯಿಲು. ನಿಮ್ಮಪ್ಪಗೆ ಇವತ್ತು ಬುದ್ಧಿ ಬಂದೈತೆ, ತೊಳೆಯಾಕೆ ಕಲಸಿಟ್ಟವ್ರೆ."

ಯಶೋದಾ ಹೋಗಿ ನೋಡಿದಾಗ ಅರ್ಧ ಬಕೆಟ್ ಬಿಳಿ ನೀರಿತ್ತು. ವಾಸನೆಯೂ ಫಿನಾಯಿಲಿನಂತೆಯೇ ಇತ್ತು. ಅಷ್ಟನ್ನೂ ಬೇಸಿನ್ನಿಗೆ ಸುರಿದು, ಉಜ್ಜಿ, ಬಕೆಟ್ ತೊಳೆದು ಬೋರಲು ಹಾಕಿದ್ದಳು.

"ಮಲಗ್ಲಿ ಬಿಡೇ, ನಿನ್ನಂಗೇ ನಿದ್ದೆಬುರುಕಿ," ಎಂದಳು ಅತ್ತೆ ಗಂಗಕ್ಕ. ಹಾಗೆನ್ನುತ್ತಲೇ ಮೊಮ್ಮಗಳ ಕೈ ಎತ್ತಿ ಬಿಟ್ಟಳು. ಕೈ ಚಾಪೆಯ ಮೇಲೆ ಸತ್ತ ಹಾಗೆ ಬಿತ್ತು. ಕಾಯಿಲೆಯ ಕುರಿಗೆ ಮಾಡುವಂತೆ ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿದಳು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

"ಯಶೋದಾ, ಬಾರೇ ಇಲ್ಲಿ. ಮಗೀನ ಬಾಯಾಗೂ ಅದೇ ವಾಸ್ನೆ ಬರ್ತೈತೆ!"

ಹಟ್ಟಿಯಿಂದ ಹೊಸದುರ್ಗಕ್ಕೆ ಚಂದ್ರುವಿನ ಆಟೋದಲ್ಲಿ ನಲವತ್ತು ನಿಮಿಷ. ಯಶೋದಾ ಮಗಳ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದಳು. ಪ್ರತಿ ಹಂಪಿನಲ್ಲೂ ಲೆಕ್ಕ ತಪ್ಪುತ್ತಿತ್ತು. ಎರಡು ಉಸಿರಿನ ನಡುವೆ ಮುಂದಿನದು ಬರುವುದೇ ಇಲ್ಲವೇನೋ ಎನಿಸುತ್ತಿತ್ತು.

"ಮಾತಾಡಿಸ್ತಾ ಇರಕ್ಕ, ಸುಮ್ನಾಗಬ್ಯಾಡ," ಎಂದು ಚಂದ್ರು ತಿರುಗದೆ ಕೂಗಿದ.

ಹನ್ನೆರಡೂ ಐದಕ್ಕೆ ಆಸ್ಪತ್ರೆ. ಡಾಕ್ಟರ್ ಉಷಾ ನಾಡಿ ಹಿಡಿದರು. ಐವತ್ತೆಂಟು. ಆ ವಯಸ್ಸಿಗೆ ನೂರರ ಆಸುಪಾಸು ಇರಬೇಕು.

"ಏನು ಕುಡಿದಿದಾಳೆ?"

"ಫಿನಾಯಿಲ್ ನೀರು ಡಾಕ್ಟ್ರೇ."

"ಇದು ಫಿನಾಯಿಲ್ ಥರ ಕಾಣ್ತಿಲ್ಲಮ್ಮ. ಉಳಿದ ನೀರು ಎಲ್ಲಿ?"

"ಬೇಸಿನ್ನಿಗೆ ಸುರಿದುಬಿಟ್ಟೆ."

"ಬಾಟ್ಲಿ?"

ಯಶೋದಾಗೆ ಗೊತ್ತಿರಲಿಲ್ಲ. ಬಾಟ್ಲಿಯನ್ನು ಅವಳು ನೋಡಿಯೇ ಇರಲಿಲ್ಲ.

ನರ್ಸ್ ಮಗುವಿನ ಬಟ್ಟೆ ತೆಗೆದು ಮೈಯನ್ನು ಸೋಪಿನಿಂದ ತೊಳೆಯತೊಡಗಿದರು. ಡಾಕ್ಟರ್ ಹೇಳಿದ್ದು ಇಷ್ಟು: ಎರಡು ಬಗೆಯ ಕೀಟನಾಶಕ ಔಷಧಿಗಳಲ್ಲಿ ಯಾವುದಾದರೂ ಆಗಿರಬಹುದು, ಎರಡಕ್ಕೂ ಕಣ್ಣು ಹೀಗೇ ಆಗುತ್ತದೆ. ಒಂದಾದರೆ ತಕ್ಷಣ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡಬೇಕು. ಇನ್ನೊಂದಾದರೆ ಅಷ್ಟು ಕೊಡುವುದೇ ಅಪಾಯ. "ಯಾವುದು ಅಂತ ಬೇಗ ತಿಳ್ಕೊಂಡು ಹೇಳಿ."

ಗಂಡ ಜುಂಜೇಶ್ ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದ. ಎರಡು ಸಲ ಫೋನು ಹೋಗಲೇ ಇಲ್ಲ. ಒಮ್ಮೆ ಬೇರೆ ಯಾರಿಗೋ ಕರೆ ಹೋಯಿತು. ಹನ್ನೆರಡೂ ಇಪ್ಪತ್ತೆರಡಕ್ಕೆ ಜುಂಜೇಶ್ ಸಿಕ್ಕ.

"ಬಕೆಟ್ನಾಗೆ ಏನ್ ಕಲಸಿದ್ರಿ?"

"ಉಣ್ಣೆ ಹುಳದ ಔಷಧಿ. ಮರಿಗಳಿಗೆ ಹಚ್ಚಿ ಮಿಕ್ಕಿದ್ದು. ಸಾಯಂಕಾಲ ಉಳಿದವಕ್ಕೆ ಹಚ್ಚಾಣ ಅಂತ ಇಟ್ಟಿದ್ದೆ. ಯಾಕೆ?"

"ಲೆಟ್ರಿನ್ನಾಗೆ ಯಾಕಿಟ್ರಿ?"

"ಹೊರಗಿಟ್ರೆ ಮರಿ ಕುಡೀತಾವೆ ಅಂತ... ಪಾಪು ಎಲ್ಲೈತೆ?"

"ಬಾಟ್ಲಿ ಎಲ್ಲೈತೆ ಹೇಳ್ರಿ ಮೊದ್ಲು!"

"ಲೆಟ್ರಿನ್ ಗೋಡೆ ವೆಂಟಿಲೇಟರ್ ಕಿಂಡಿ ಮ್ಯಾಲೆ. ಪಾಪೂಗೆ ಸಿಗಬಾರ್ದು ಅಂತ ಮ್ಯಾಲಿಟ್ಟೀನಿ."

ಯಶೋದಾ ಮನೆಯಲ್ಲಿದ್ದ ಅತ್ತೆಗೆ ಫೋನು ಮಾಡಿದಳು. ಗಂಗಕ್ಕನಿಗೆ ಓದು ಬಾರದು. ಅವಳು ಸ್ಟೂಲು ಹತ್ತಿ ಬಾಟ್ಲಿ ಇಳಿಸಿ, ಪಕ್ಕದ ಮನೆಯ ಯೋಗೇಶನ ಹತ್ತಿರ ಓಡಿದಳು. ಅವನು ಮೊದಲು ಕಳಿಸಿದ ಫೋಟೋದಲ್ಲಿ ಬಾಟ್ಲಿಯ ಚೀಟಿಯ ಮೇಲೆ ಕುರಿಯ ಜಿಡ್ಡು ಮೆತ್ತಿ ಏನೂ ಕಾಣಲಿಲ್ಲ. "ಒರೆಸಿ ತೆಗಿಯೋ, ಒರೆಸಿ ತೆಗಿ," ಎಂದು ಯಶೋದಾ ಫೋನಿನಲ್ಲಿ ಅತ್ತಳು. ಎರಡನೆಯದು ಹನ್ನೆರಡೂ ನಲವತ್ತಕ್ಕೆ ಬಂತು. ಡಾಕ್ಟರ್ ಎರಡು ಬೆರಳಿನಿಂದ ಅಕ್ಷರ ಹಿಗ್ಗಿಸಿ ಓದಿದರು: ಅಮಿತ್ರಾಜ್.

"ಇದು ಆ ಇನ್ನೊಂದು ಬಗೆ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಬೇಡ. ಇದಕ್ಕೆ ಅಂತ ಪ್ರತ್ಯೇಕ ಮದ್ದಿಲ್ಲಮ್ಮ. ಉಸಿರು, ನಾಡಿ ನೋಡ್ತಾ ಕಾಯಬೇಕು."

"ಎಷ್ಟೊತ್ತು?"

"ಹೇಳೋಕಾಗಲ್ಲ."

ಎರಡು ಗಂಟೆಗೆ ನಾಡಿ ಐವತ್ತೆರಡಕ್ಕೆ ಇಳಿಯಿತು. ಆಮ್ಲಜನಕ ಹಾಕಿ ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಯಶೋದಾ ಯಂತ್ರದ ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತಿದ್ದಳು. ಐವತ್ತೊಂದು. ಐವತ್ತು. ಐವತ್ತೊಂದು. ಅದು ಇಳಿದಾಗಲೆಲ್ಲ ಅವಳ ಕೈ ಆಂಬುಲೆನ್ಸಿನ ಕಂಬಿಯನ್ನು ಹಿಡಿಯುತ್ತಿತ್ತು.

ಜುಂಜೇಶ್ ಐದು ಗಂಟೆಗೆ ಬಂದ. ತುರ್ತು ವಾರ್ಡಿನ ಬಾಗಿಲಲ್ಲೇ ನಿಂತ.

"ಒಳಗೆ ಬರ್ರಿ," ಎಂದಳು ಯಶೋದಾ.

ಅವನು ಅಂಗೈ ಮೂಸಿದ. ಬೆಳಿಗ್ಗೆ ಮರಿಗಳಿಗೆ ಔಷಧಿ ಹಚ್ಚಿದ ಕೈ. ನಲ್ಲಿಯ ಹತ್ತಿರ ಹೋಗಿ ತೊಳೆದ, ಮತ್ತೆ ಮೂಸಿದ, ಮತ್ತೆ ತೊಳೆದ. ಒಳಗೆ ಬಂದ ಮೇಲೂ ಮಗಳನ್ನು ಮುಟ್ಟಲಿಲ್ಲ.

ಏಳೂ ಹತ್ತಕ್ಕೆ ನಾಡಿ ಎಂಬತ್ತನಾಲ್ಕು ಇತ್ತು. ರಂಜಿತಾ ಕಣ್ಣು ತೆರೆದು, ನರ್ಸ್ ಕೇಳಿದಾಗ ತನ್ನ ಹೆಸರು ಹೇಳಿದಳು. ಮರುದಿನ ಮಧ್ಯಾಹ್ನ ಅವಳನ್ನು ಸಾಮಾನ್ಯ ವಾರ್ಡಿಗೆ ಬದಲಾಯಿಸಿದರು.