ಕೋತಿಗಳು ಹೋದಮೇಲೆ

ನಮ್ಮ ನಾಯಿ ಎತ್ತಿಕೊಂಡರೆ ಒಂದು ಬ್ರೆಡ್ಡಿನಷ್ಟು ಭಾರ, ಹೆಸರು ಮಾತ್ರ ಬಾಸ್. ನನಗೆ ಅದರ ಮೇಲೆ ಅಂಥ ಅಕ್ಕರೆಯೇನೂ ಇರಲಿಲ್ಲ. ಆದರೆ ಹೃದಯದ ಆಪರೇಷನ್ ಆದಮೇಲೆ ಕುರ್ಚಿ ಬಿಟ್ಟು ಏಳದೆ ಗೋಡೆ ನೋಡುತ್ತ ಕೂತುಬಿಟ್ಟಿದ್ದ ನನ್ನ ಗಂಡ ಸಗ್ರೆನ್ ಅವರನ್ನು ಮತ್ತೆ ನಡೆಸಿದ್ದು ಡಾಕ್ಟರಲ್ಲ, ನಾನೂ ಅಲ್ಲ, ಅದೇ ನಾಯಿ. ಬೆಳಗಾದರೆ ಅದು ಇವರ ಚಪ್ಪಲಿ ಕಚ್ಚಿ ಎಳೆಯುತ್ತಿತ್ತು. ಇವರು ಬೈದುಕೊಂಡೇ ಎದ್ದು ಹಿತ್ತಲಲ್ಲಿ ಸುತ್ತು ಹಾಕುತ್ತಿದ್ದರು. ಅದಕ್ಕೇನಾದರೂ ಆದರೆ ಇವರು ಮತ್ತೆ ಆ ಕುರ್ಚಿಗೇ ಹೋಗಿ ಕೂರುತ್ತಾರೆ ಅನ್ನುವ ಭಯ ನನ್ನನ್ನು ಬಿಟ್ಟೇ ಇರಲಿಲ್ಲ.

ಡರ್ಬನ್ನಿನ ಈ ಕಡೆ, ಕಣಿವೆಯ ಅಂಚಿಗೆ ಮನೆ ಕಟ್ಟಿಕೊಂಡವರಿಗೆಲ್ಲ ಕೋತಿಗಳ ಕಾಟ ಇದ್ದದ್ದೇ. ಆ ವರ್ಷ ನಮ್ಮ ಲಿಚಿ ಮರ ತುಂಬ ಬಿಟ್ಟಿತ್ತು. ದೀಪಾವಳಿಯ ಪಟಾಕಿ ಒಂದು ಡಬ್ಬಿ ಉಳಿದಿತ್ತು. ಇವರು ದಿನಾ ಬೆಳಿಗ್ಗೆ ಮಗುವಿನ ಹಾಗೆ ಹಿಗ್ಗುತ್ತ ಕೋತಿಗಳ ಕಡೆಗೆ ಪಟಾಕಿ ಹಚ್ಚಿ ಎಸೆದರು. ಇವರನ್ನು ನೋಡಿ ಬೀದಿಯವರೂ ಶುರು ಹಚ್ಚಿಕೊಂಡರು. ಹಣ್ಣು ಕೆಂಪಾಗುವ ಹೊತ್ತಿಗೆ ಒಂದು ಕೋತಿಯೂ ಇರಲಿಲ್ಲ. ಆ ಸಲ ಲಿಚಿಯನ್ನು ಹೊಟ್ಟೆತುಂಬ ತಿಂದೆವು.

ಆಮೇಲೆ ಪಕ್ಕದ ಮನೆಯ ನರ್ಸ್ ಥೆಂಬೆಕಿಲೆಯ ಬೆಕ್ಕು ಹಾಡಹಗಲೇ ಹದ್ದಿನ ಪಾಲಾಯಿತು. ಕಣಿವೆಯ ನೀಲಗಿರಿ ಮರದಲ್ಲಿ ಜುಟ್ಟಿನ ಹದ್ದೊಂದು ಗೂಡು ಕಟ್ಟಿ ಮರಿ ಮಾಡಿತ್ತು. ಅದನ್ನು ಹೊಡೆಯುವಂತಿಲ್ಲ, ಮರ ಕಡಿಯುವಂತಿಲ್ಲ, ಕಾನೂನು. ಥೆಂಬೆಕಿಲೆ ಬೇಲಿಯ ಹತ್ತಿರ ಬಂದು ನಿಂತಳು. ಅವಳ ಕಣ್ಣು ಊದಿತ್ತು.

"ಅಣ್ಣಾ, ಹದ್ದು ಬಂದ್ರೆ ಮೊದ್ಲು ಕೂಗ್ತಿದ್ದವ್ರು ಯಾರು ಹೇಳಿ? ಆ ಕೋತಿಗಳೇ ಅಲ್ವಾ? ಅವು ಕೂಗಿದ ತಕ್ಷಣ ನಾನು ಬೆಕ್ಕನ್ನ ಒಳಗೆ ಕರ್ಕೋತಿದ್ದೆ. ನೀವು ಕಾವಲುಗಾರರನ್ನೇ ಓಡಿಸಿಬಿಟ್ರಿ."

ಇವರು ತಲೆ ತಗ್ಗಿಸಿದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಮರುದಿನದಿಂದ ನಮ್ಮ ಹಿತ್ತಲು ನೋಡುವ ಹಾಗಿತ್ತು. ಹೊಳಪಿಗೆ ಹದ್ದು ಹೆದರಲೆಂದು ಹಳೆಯ ಸಿಡಿಗಳನ್ನು ದಾರಕ್ಕೆ ಕಟ್ಟಿ ತೂಗುಹಾಕಿದರು. ಬಾಸ್‌ಗೆ ಬಣ್ಣಬಣ್ಣದ ಅಂಗಿ ಹೊಲಿಸಿದರು. ಅದು ಮೂತ್ರಕ್ಕೆ ಹೊರಟರೂ ಮೇಲೆ ಕೊಡೆ. ಮದುಮಗನಿಗೂ ಇಷ್ಟು ಉಪಚಾರ ನಡೆಯುವುದಿಲ್ಲ ಎಂದು ನಾನು ಛೇಡಿಸಿದೆ. ಇವರು ನಗಲಿಲ್ಲ. ಹಿತ್ತಲ ಗೋಡೆಯ ಮೇಲೆ ಕೋತಿಗಳಿಗೆಂದು ಬಾಳೆಹಣ್ಣು ಇಡತೊಡಗಿದರು. ಹಣ್ಣು ಕಪ್ಪಾಗಿ ನೊಣ ಮುತ್ತಿತೇ ಹೊರತು ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ನಾನು ರೊಟ್ಟಿ ಲಟ್ಟಿಸುತ್ತಿದ್ದೆ. ಗಾಳಿ ಕೊಡೆಯನ್ನು ಕಿತ್ತುಕೊಂಡು ಹೋದದ್ದು ಕಿಟಕಿಯಿಂದ ಕಂಡಿತು. ಇವರು ಅದರ ಹಿಂದೆ ಎರಡು ಹೆಜ್ಜೆ ಹೋದರು, ಅಷ್ಟೇ. ಹುಲ್ಲಿನ ಮೇಲೆ ದೊಡ್ಡ ನೆರಳೊಂದು ಸರ್ರನೆ ಹಾಯಿತು. ಇವರು ತಿರುಗಿ ನಾಯಿಯ ಮೇಲೆ ಬಿದ್ದರು. ನಾನು ಲಟ್ಟಣಿಗೆ ಹಿಡಿದು ಓಡಿಬರುವಷ್ಟರಲ್ಲಿ ಹದ್ದು ಇವರ ಬೆನ್ನಿನ ಅಂಗಿ ಹರಿದು ಎದ್ದುಹೋಗಿತ್ತು. ರಕ್ತ ಸುರಿಯುತ್ತಿತ್ತು. ಏಳಿ ಎಂದರೆ ಏಳಲೊಲ್ಲರು. ಕೆಳಗಿನಿಂದ ನಾಯಿ ಕುಂಯ್ ಎಂದಮೇಲೆಯೇ ಎದ್ದರು.

ಗಾಯ ಮಾಗಿತು. ಇವರು ಮಾತ್ರ ಹೊರಗೆ ಕಾಲಿಡಲಿಲ್ಲ. ನಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ಅದೇ ಕುರ್ಚಿ, ಅದೇ ಗೋಡೆ. ಬಾಸ್ ಚಪ್ಪಲಿ ಎಳೆದು ಎಳೆದು ಸೋತು ಮಲಗಿತು. ಕೊನೆಗೆ ನಾನೇ ಹಿತ್ತಲ ಗೋಡೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ನಾನು ಆಕಾಶ ನೋಡಿಕೊಳ್ಳುತ್ತೇನೆ, ನೀವು ಬನ್ನಿ ಎಂದು ಗೋಗರೆದೆ. ತುಂಬ ಹೊತ್ತಿನ ಮೇಲೆ ಬಾಗಿಲು ತೆರೆಯಿತು.

ಇವರು ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು. ನಾನು ನೀಲಗಿರಿ ಮರದಿಂದ ಕಣ್ಣು ತೆಗೆಯಲಿಲ್ಲ. ಕುತ್ತಿಗೆ ಸೆಟೆದುಹೋಗಿತ್ತು. ಆಗ ಕೊಂಬೆ ಅಲುಗಿತು. ಹದ್ದು ಎದ್ದಿತು. ಅಯ್ಯೋ, ರೀ ಎಂದು ಕೂಗಬೇಕೆಂದರೆ ಬಾಯಿ ಒಣಗಿ ಮಾತೇ ಹೊರಡಲಿಲ್ಲ. ಹೊರಬಿದ್ದದ್ದು ಒಂದು ಒರಟು ಕಿರುಚು, ಖರ್ ಖರ್ ಖರ್ ಎಂದು, ಥೇಟ್ ಕೋತಿಯದೇ.

ಇವರು ಬಾಸ್‌ನನ್ನು ಬಾಚಿಕೊಂಡು ಹಿತ್ತಲ ಬಾಗಿಲ ಮುಂದಿನ ತಗಡಿನ ಶೀಟಿನ ಕೆಳಗೆ ನುಗ್ಗಿದರು. ಹದ್ದು ಮನೆಯ ಮೇಲಿಂದ ಹಾದು ಕಣಿವೆಗಿಳಿಯಿತು.

ಆಮೇಲೆ ಇವರು ಹೊರಗೆ ಬಂದು ಮರಗಳಲ್ಲಿ ಹುಡುಕತೊಡಗಿದರು. ಎಷ್ಟು ತಿಂಗಳ ಮೇಲೆ ಆ ಮುಖ ಅರಳಿತ್ತೋ.

"ಬಂದ್ಬಿಟ್ವು ಕಣೇ ದೇವಗಿ, ಬಂದ್ಬಿಟ್ವು. ಕೇಳಿಸ್ತಾ ನಿಂಗೆ?"

ಸುಮ್ಮನಿದ್ದುಬಿಡೋಣ ಅನ್ನಿಸಿತು. ಆದರೆ ಕೋತಿಗಳಿವೆ ಎಂದು ನಂಬಿ ನಾಳೆ ನಾನಿಲ್ಲದಾಗ ಇವರು ಹೊರಗೆ ಬಂದರೆ?

"ಅವು ಬಂದಿಲ್ಲ ರೀ. ಕೂಗಿದ್ದು ನಾನೇ."

ಇವರ ಮುಖ ಇಳಿಯಿತು. ಮರದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ಬಾಸ್ ಕೈಯಿಂದ ಜಿಗಿಯಲು ಒದ್ದಾಡುತ್ತಿತ್ತು. ಅದನ್ನು ಕೆಳಗೆ ಬಿಟ್ಟರು.

"ಹಂಗಾದ್ರೆ ಕೂತ್ಕೋ," ಅಂದರು. "ಇನ್ನೊಂದು ಸುತ್ತು ಬಾಕಿ ಇದೆ."