ನೀಲಿ ಟಾರ್ಪಲಿನ ಆನೆ

ಶಶಿಕಿರಣನ ಮೇಲೆ ಸೇಡು ತೀರಿಸಿಕೊಳ್ಳಲು ನಾನು ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಷ್ಟೇ ಸಾಕಾಯಿತು.

ಗೋಣಿಬೀಡಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಅವನ ದೊಡ್ಡ ಕಾಫಿ ತೋಟವಿದೆ. ಅದರ ಬೇಲಿಗೆ ಅಂಟಿಕೊಂಡ ನಾಲ್ಕು ಎಕರೆ ನನ್ನದು. ಅವನ ತೋಟವನ್ನು ಆಳುಗಳ ಲೆಕ್ಕ ಬರೆಯುವ ರೈಟರ್ ನೋಡಿಕೊಳ್ಳುತ್ತಾನೆ. ಶಶಿಕಿರಣ ತನ್ನ ಯೂಟ್ಯೂಬ್ ಚಾನೆಲ್ ನೋಡಿಕೊಳ್ಳುತ್ತಾನೆ. ಹೊಸ ಫೋನು, ಹೊಸ ಕಂಪ್ಯೂಟರು, ಎಐ, ಇವುಗಳ ಬಗ್ಗೆ ಮಾತಾಡುವುದೇ ಅವನ ಕೆಲಸ. ಬೆಳಿಗ್ಗೆ ಮಲ್ಲೇಶನ ಹೋಟೆಲಿಗೆ ಬಂದು ಕೂತರೆ ಜಗತ್ತಿನ ಟೆಕ್ ಸುದ್ದಿಯೆಲ್ಲ ನಮ್ಮ ಇಡ್ಲಿ ತಟ್ಟೆಗೆ ಬಂದು ಬೀಳುತ್ತಿತ್ತು.

"ರಂಗಣ್ಣ, ದೋಸೆ ಹುಯ್ಯೋ ರೋಬೋಟ್ ಬಂದಿದೆಯಂತೆ" ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದ.

"ಬರ್ಲಿ ಮಾರಾಯ. ದೋಸೆ ಅರ್ಧ ಬೆಂದಾಗ ಕರೆಂಟ್ ಹೋದ್ರೆ ಮಗುಚೋದು ಯಾರು?" ಎಂದು ಮಲ್ಲೇಶ ಒಳಗಿನಿಂದ ಕೂಗುತ್ತಿದ್ದ.

"ಇನ್ಮೇಲೆ ಇಂಟರ್ನೆಟ್ಟು ಸೀದಾ ಆಕಾಶದಿಂದ ಬರುತ್ತಂತೆ."

"ಮಳೆನೂ ಅಲ್ಲಿಂದಲೇ ಬರೋದು. ಕಾಫಿ ಹೂ ಬಿಡೋಕೆ ಹೂಮಳೆ ಬೇಕಾದಾಗ ಬರುತ್ತಾ? ಕಣದಲ್ಲಿ ಕಾಫಿ ಹರವಿದಾಗ ಬರುತ್ತೆ." ಇದು ನನ್ನ ಮಾತು.

"ಮಡಚೋ ಫೋನು ನೋಡಿದ್ರಾ?"

"ಎಂತಕ್ಕೆ ಮಡಚೋದು? ಅದೇನು ಕಂಬಳಿಯಾ?" ಇದು ಮಲ್ಲೇಶ.

ನಿಜ ಹೇಳುತ್ತೇನೆ, ಆ ಮಾತುಗಳು ನನಗೂ ಇಷ್ಟವಿದ್ದವು. ಫೋನು ವಾರಕ್ಕೊಮ್ಮೆ ಅಪ್‌ಡೇಟ್ ಆಗುತ್ತದೆ, ನಮ್ಮೂರ ರಸ್ತೆ ಯಾವಾಗ ಆಗುತ್ತದೆ ಎಂದು ನಾನು ಕೇಳಿದಾಗ ಇಡೀ ಹೋಟೆಲು ನಕ್ಕಿತ್ತು. ಆದರೆ ಶಶಿಕಿರಣನಿಗೆ ತಮಾಷೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಲಿಲ್ಲ.

ನಮ್ಮ ಕಡೆ ಆನೆಗಳಿಗೆಂದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಆನೆ ಯಾವ ತೋಟದಲ್ಲಿದೆ, ಯಾವ ರಸ್ತೆ ದಾಟಿತು ಎಂದು ಕಂಡವರು ಅದರಲ್ಲಿ ಹಾಕುತ್ತಾರೆ. ಕೊಯ್ಲಿನ ಹೆಂಗಸರು ಅದನ್ನು ನೋಡದೆ ಬುಟ್ಟಿ ಸೊಂಟಕ್ಕೆ ಕಟ್ಟುವುದಿಲ್ಲ. ಹೋಟೆಲಿನಲ್ಲಿ ಏನು ಬೇಕಾದರೂ ಮಾತಾಡಬಹುದು, ಆ ಗ್ರೂಪಿನಲ್ಲಿ ಯಾರೂ ಆಟ ಆಡುವುದಿಲ್ಲ.

ಅವನು ಆಡಿದ.

ಕೊಯ್ಲು ಜೋರಾಗಿದ್ದ ಸಮಯ. ನಾನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಬೆಲ್ಟ್ ತರಲು ಮೂಡಿಗೆರೆಗೆ ಹೋಗಿದ್ದೆ. "ಅರ್ಜೆಂಟ್! ರಂಗಣ್ಣನ ಕಣದಲ್ಲಿ ಸಲಗ" ಎಂದು ಅವನು ಒಂದು ಫೋಟೋ ಹಾಕಿದ. ನನ್ನ ಮನೆ, ನನ್ನ ಕಣ, ಹರವಿದ ಕಾಫಿಯ ಮೇಲೆ ನಿಂತ ಆನೆ. ತೋಟದ ತಗ್ಗಿನಲ್ಲಿ ಹಣ್ಣು ಕುಯ್ಯುತ್ತಿದ್ದ ಗಿಡ್ಡಮ್ಮನ ಫೋನಿಗೆ ಅದು ಬಂತು. ಕೊಯ್ಲಿನವರೆಲ್ಲ ಬುಟ್ಟಿ ಬಿಸಾಕಿ ಹಳ್ಳದ ಕಡೆ ಓಡಿದರು. ಜೊತೆಗಿದ್ದ ನನ್ನ ಹೆಂಡತಿ ಕೃಷ್ಣಮ್ಮ ಮಾತ್ರ ಮನೆ ಕಡೆ ಓಡಿದಳು. ಕಣದ ಪಕ್ಕದಲ್ಲಿ ಕರು ಕಟ್ಟಿತ್ತು. ಓಡುವಾಗ ತೋಟದ ಚರಂಡಿಗೆ ಬಿದ್ದು ಬಲಗೈ ಮುರಿದುಕೊಂಡಳು. ಆನೆಯೂ ಇರಲಿಲ್ಲ, ಏನೂ ಇರಲಿಲ್ಲ. ಕರು ಹುಲ್ಲು ತಿನ್ನುತ್ತಿತ್ತು.

ಅಷ್ಟರಲ್ಲಿ ಶಶಿಕಿರಣ ಗ್ರೂಪಿನಲ್ಲಿ ನಗುತ್ತಿದ್ದ. "ಎಐ ಆನೆ! ಎಲ್ಲಾ ಬಿದ್ರಿ! ಮುಂಗಾಲಲ್ಲಿ ಐದರ ಬದ್ಲು ಏಳು ಉಗುರಿದೆ, ಎಣಿಸೋಕೆ ಬರಲ್ವಾ?"

ಆಸ್ಪತ್ರೆಯಿಂದ ಬಂದ ಮೇಲೆ ಹೋಗಿ ಅವನ ಕಾಲರ್ ಹಿಡಿಯುತ್ತಿದ್ದೆ. ಕೃಷ್ಣಮ್ಮ ಬಿಡಲಿಲ್ಲ. "ಅವನೇ ಬಂದು ಕೇಳ್ತಾನೆ, ಸುಮ್ನಿರಿ" ಎಂದಳು. ಅವನು ಬರಲಿಲ್ಲ. ಅವನ ಮೆಸೇಜ್ ಬಂತು.

"ಗೌರವಾನ್ವಿತ ರಂಗನಾಥ್ ಅವರೇ, ತಮ್ಮ ಶ್ರೀಮತಿಯವರಿಗೆ ಉಂಟಾದ ಅನಾನುಕೂಲತೆಗಾಗಿ ನಾನು ಹೃತ್ಪೂರ್ವಕವಾಗಿ ವಿಷಾದಿಸುತ್ತೇನೆ. ಈ ಘಟನೆಯು ನನಗೆ ಆತ್ಮಾವಲೋಕನದ ಅವಕಾಶವನ್ನು ಒದಗಿಸಿದೆ." ಹೀಗೆ ಉದ್ದಕ್ಕೆ ಹೋಗುತ್ತಿತ್ತು. ಮೇಷ್ಟ್ರ ಮುಂದೆ ನಿಂತು ಪಾಠ ಓದುವವನಂತೆ ನಾನು ಅದನ್ನು ಕೃಷ್ಣಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯ ಸಾಲು ಹೀಗಿತ್ತು: "ಇದನ್ನು ಇನ್ನೂ ಚಿಕ್ಕದಾಗಿ ಬರೆದುಕೊಡಲೇ?"

"ಯಾರು ಯಾರಿಗೆ ಕೇಳ್ತಿರೋದು ಇದು?" ಎಂದಳು ಕೃಷ್ಣಮ್ಮ.

ನನಗೆ ಅರ್ಥವಾಯಿತು. ಕ್ಷಮೆ ಕೇಳುವ ಕೆಲಸವನ್ನೂ ಅವನು ಕಂಪ್ಯೂಟರಿಗೆ ವಹಿಸಿದ್ದ. ಅದು ಬರೆದುಕೊಟ್ಟದ್ದನ್ನು ಓದಿ ನೋಡುವಷ್ಟೂ ಪುರುಸೊತ್ತು ಅವನಿಗೆ ಇರಲಿಲ್ಲ. ಅದು ಅವನಿಗೆ ಕೇಳಿದ ಪ್ರಶ್ನೆಯನ್ನೂ ಸೇರಿಸಿ ನನಗೆ ಕಳಿಸಿದ್ದ.

ಕೃಷ್ಣಮ್ಮ ಎಡಗೈಯಲ್ಲಿ ಸಾರು ಬಡಿಸಲು ಹೋಗಿ ಚೆಲ್ಲಿಕೊಂಡಾಗಲೆಲ್ಲ ಆ ಸಾಲು ನೆನಪಾಗುತ್ತಿತ್ತು. ಅವನು ನಮ್ಮ ಕಣಕ್ಕೆ ಬರಬೇಕು, ಇವಳ ಮುಂದೆ ನಿಲ್ಲಬೇಕು, ಸ್ವಂತ ಬಾಯಿಂದ ತಪ್ಪಾಯಿತು ಎನ್ನಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ. ಹೋಟೆಲಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಉಗುರು ಎಣಿಸಿ ಅಣ್ಣ" ಎಂದು ಅವನು ಎಲ್ಲರನ್ನೂ ನಗಿಸುತ್ತಿದ್ದ. ನಾನು ಹೋಟೆಲಿಗೆ ಹೋಗುವುದನ್ನು ಬಿಟ್ಟೆ.

ಒಂದು ಸಂಜೆ ಗೋಣಿಬೀಡಿನಿಂದ ಪಿಕಪ್ ಓಡಿಸಿಕೊಂಡು ಬರುತ್ತಿದ್ದೆ. ಇನ್ನೂ ಬೆಳಕಿತ್ತು. ತಿರುವಿನಲ್ಲಿ ಬ್ರೇಕ್ ಒತ್ತಿದೆ. ರಸ್ತೆ ಮಧ್ಯೆ ಒಂಟಿ ಸಲಗ. ಯಾರದೋ ಕಣಕ್ಕೆ ನುಗ್ಗಿ ಬಂದಿತ್ತೆಂದು ಕಾಣುತ್ತದೆ, ಕಾಫಿ ಮುಚ್ಚುವ ನೀಲಿ ಟಾರ್ಪಲ್ ಹರಿದು ದಂತಕ್ಕೆ ಸಿಕ್ಕಿ ಬೆನ್ನ ಮೇಲೆ ಇಳಿಬಿದ್ದಿತ್ತು. ಸೆರಗು ಹೊದ್ದು ಮದುವೆಗೆ ಹೊರಟ ಹೆಂಗಸಿನ ಹಾಗೆ ಅದು ನಿಧಾನಕ್ಕೆ ರಸ್ತೆ ದಾಟಿತು. ಶಶಿಕಿರಣನ ಬೇಲಿ ಮುರಿದು ಅವನ ಮನೆ ಕಡೆ ಇಳಿಯಿತು.

ದಾಟುವಾಗಲೇ ಫೋಟೋ ತೆಗೆದಿದ್ದೆ. ತೆಗೆದದ್ದನ್ನು ನೋಡಿ ನನಗೇ ನಗು ಬಂತು. ನಿಜವಾದ ಆನೆ, ಆದರೆ ಇದಕ್ಕಿಂತ ಸುಳ್ಳು ಫೋಟೋ ಇನ್ನೊಂದಿಲ್ಲ.

ಫೋನ್ ಮಾಡಬಹುದಿತ್ತು. ಅವನ ನಂಬರ್ ನನ್ನಲ್ಲಿತ್ತು. ಮಾಡಲಿಲ್ಲ. ಗ್ರೂಪಿನಲ್ಲಿ ಹಾಕಿದೆ: "ಒಂಟಿ ಸಲಗ ಶಶಿಕಿರಣನ ತೋಟಕ್ಕೆ ಇಳಿದಿದೆ. ಮನೆ ಕಡೆ ಹೋಗುತ್ತಿದೆ. ಹುಷಾರು." ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಪಿಕಪ್ ಸ್ಟಾರ್ಟ್ ಮಾಡುವುದರೊಳಗೆ ಅವನ ಉತ್ತರ ಬಂತು. "ರಂಗಣ್ಣ! ಆನೆಗೆ ಸೀರೆ ಉಡಿಸಿದ್ದೀರಲ್ಲ! ಕಂಪ್ಯೂಟರಿಗೆ ಎಂತ ಹೇಳಿ ಮಾಡಿಸಿದ್ರಿ?"

ಮಲ್ಲೇಶ: "ಬ್ಲೌಸ್ ಮ್ಯಾಚಿಂಗ್ ಇಲ್ಲ ಕಣ್ರೀ."

ಇನ್ಯಾರೋ: "ರಂಗಣ್ಣನೂ ಎಐ ಕಲಿತುಬಿಟ್ರು!"

ಶಶಿಕಿರಣ ಮತ್ತೆ: "ಚೆನ್ನಾಗಿದೆ, ಆದ್ರೆ ಗುರುವಿಗೇ ತಿರುಮಂತ್ರ ಬೇಡಿ ಅಣ್ಣ."

ನಾನು ಇನ್ನೊಂದು ಸಲ ಬರೆದೆ: "ನಿಜವಾದ ಆನೆ." ಅದಕ್ಕೂ ನಗುವ ಮುಖಗಳೇ ಬಂದವು. ಸರಿ, ನಗಲಿ. ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡು ಮನೆಗೆ ಬಂದೆ.

"ಎಂತಕ್ಕೆ ಒಬ್ರೇ ನಗ್ತಿದ್ದೀರಿ?" ಎಂದಳು ಕೃಷ್ಣಮ್ಮ. ಫೋನು ತೋರಿಸಿದೆ. ಅವಳು ನಗಲಿಲ್ಲ.

"ನಾಗಶ್ರೀಗೆ ಹೇಳಿದ್ರಾ?" ನಾಗಶ್ರೀ ಶಶಿಕಿರಣನ ಹೆಂಡತಿ.

"ಗ್ರೂಪಲ್ಲಿ ಹಾಕಿದ್ದೀನಲ್ಲ."

"ಅಲ್ಲಿ ಹಾಕಿದ್ದನ್ನ ಯಾರೂ ನಂಬಲ್ಲ ಅಂತ ಗೊತ್ತಿದ್ದೇ ಹಾಕಿದ್ದೀರಿ" ಎಂದು ಎಡಗೈಯಲ್ಲಿ ತನ್ನ ಫೋನು ಎತ್ತಿಕೊಂಡಳು. "ನಾಗಶ್ರೀ, ಮಕ್ಕಳನ್ನ ಕರ್ಕೊಂಡು ಮಹಡಿಗೆ ಹೋಗು. ಆನೆ ಬರ್ತಾ ಇದೆ. ನಿಜವಾದದ್ದು ಕಣೇ. ನಿನ್ನ ಗಂಡಂಗೂ ಹೇಳು. ನಂಬ್ದಿದ್ರೆ ಬಿಟ್ಟು ನೀನು ಹೋಗು."

ಅವನು ನಂಬಲಿಲ್ಲ. ಕದ ತಟ್ಟಿದ ಹೆಂಡತಿಗೆ "ರೆಕಾರ್ಡಿಂಗ್ ನಡೀತಿದೆ, ರಂಗಣ್ಣನ ಕಿತಾಪತಿ ಅದು" ಎಂದು ಒಳಗಿನಿಂದಲೇ ಹೇಳಿದನಂತೆ.

ಅವನ ಸ್ಟುಡಿಯೊ ಇದ್ದದ್ದು ಮನೆ ಹಿಂದಿನ ಹಳೇ ಭತ್ತದ ಕೋಣೆಯಲ್ಲಿ. ಪ್ಲೈವುಡ್ ಅಡ್ಡ ನಿಲ್ಲಿಸಿ ಅರ್ಧಕ್ಕೆ ಭತ್ತ ಮತ್ತು ದನದ ಉಪ್ಪು, ಇನ್ನರ್ಧಕ್ಕೆ ಕಂಪ್ಯೂಟರು ಇಟ್ಟಿದ್ದ. ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರಿಂದ, ಕದ ಬಡಿದದ್ದು ಬಿಟ್ಟರೆ ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ಭತ್ತದ ವಾಸನೆ ಮಾತ್ರ ಹೊರಗೆ ಹೋಗುತ್ತಿತ್ತು. ಆನೆಗೆ ಅಷ್ಟೇ ಬೇಕಿತ್ತು.

ಕತ್ತಲಾಗುವ ಹೊತ್ತಿಗೆ ಗ್ರೂಪಿನಲ್ಲಿ ಅವನ ಫೋಟೋ ಬಂತು. ಒಡೆದ ಗೋಡೆ, ಒಳಗೆ ನುಗ್ಗಿದ ಸೊಂಡಿಲು, ಸೊಂಡಿಲಿನ ತುದಿಯಲ್ಲಿ ಕೆಂಪು ಹಸಿರು ದೀಪ ಮಿನುಗುವ ಕೀಬೋರ್ಡು, ಹಿಂದೆ ನೀಲಿ ಟಾರ್ಪಲ್. "ಆನೆ!! ನಿಜ!! ಪಟಾಕಿ ತನ್ನಿ ಯಾರಾದ್ರೂ!!"

ಮಲ್ಲೇಶ: "ಆನೆ ಸಬ್‌ಸ್ಕ್ರೈಬ್ ಮಾಡ್ತಾ?"

ಇನ್ಯಾರೋ: "ಪಾಸ್‌ವರ್ಡ್ ಕೊಡ್ಬೇಡಿ ಅದಕ್ಕೆ."

"ಅಯ್ಯೋ ದೇವರಾಣೆ ನಿಜ ಕಣ್ರೋ!!" ಎಂದು ಅವನು ಬರೆದ.

ನಾನು ಆರಾಮವಾಗಿ ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಂಡೆ. ಒಂದೊಂದೇ ಅಕ್ಷರ ಒತ್ತಿದೆ. "ಉಗುರು ಎಣಿಸು."

ಆ ಎರಡು ಪದ ಕಳಿಸಿದಾಗ ಆದ ಸುಖ ನನಗೆ ಯಾವ ವರ್ಷದ ಕಾಫಿ ರೇಟಿನಲ್ಲೂ ಸಿಕ್ಕಿಲ್ಲ.

ಕೊನೆಗೆ ಮಹಡಿಯಿಂದ ನಾಗಶ್ರೀ ಅಳುತ್ತಾ ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿದ ಮೇಲೆ ಜನ ಪಟಾಕಿ ಹಿಡಿದು ಓಡಿದರು. ನಾನೂ ಹೋದೆ, ನೋಡಲು. ಆನೆ ಭತ್ತ ತಿಂದು, ಉಪ್ಪು ನೆಕ್ಕಿ, ತೋಟದಾಚೆ ಹೋಗಿಯಾಗಿತ್ತು. ಅವನ ಮೂರು ದೊಡ್ಡ ಸ್ಕ್ರೀನುಗಳು ಭತ್ತದ ಹೊಟ್ಟಿನ ಜೊತೆ ನೆಲಕ್ಕೆ ಅಂಟಿಕೊಂಡಿದ್ದವು. ಅವನು ಮೂಲೆಯಲ್ಲಿ ಒಂದೇ ಚಪ್ಪಲಿಯಲ್ಲಿ ನಿಂತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ. ನಾನು ಚೆನ್ನಾಗಿ ಕಣ್ತುಂಬ ನೋಡಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಅವನು ನಮ್ಮ ಕಣಕ್ಕೆ ಬಂದ. ಕೃಷ್ಣಮ್ಮ, ಹರವಿದ ಕಾಫಿ ಕೈಯಾಡಿಸುತ್ತಿದ್ದ ಗಿಡ್ಡಮ್ಮನ ಪಕ್ಕದಲ್ಲಿ ನಿಂತಿದ್ದಳು, ಕೈ ಇನ್ನೂ ಪಟ್ಟಿಯಲ್ಲಿ. ಅವನು ಅವಳ ಮುಂದೆ ಬಂದು ನಿಂತ.

"ಅಕ್ಕಾ, ತಪ್ಪಾಯ್ತು" ಎಂದ.

"ಇನ್ನೂ ಚಿಕ್ಕದಾಗಿ ಹೇಳ್ತೀಯಾ?" ಎಂದು ನಾನು ಕೇಳಿದೆ.

ಗಿಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ತಲೆ ತಗ್ಗಿಸಿಯೇ ಇದ್ದ.

"ಮಕ್ಕಳ ಜೀವ ಉಳಿಸಿದ್ರಿ ಅಕ್ಕ. ನೀವು ಫೋನ್ ಮಾಡ್ದೆ ಇದ್ದಿದ್ರೆ..."

"ನಾನು ಮಾಡಿದ್ದು ನಾಗಶ್ರೀಗೆ" ಎಂದಳು ಕೃಷ್ಣಮ್ಮ. "ನಿಂಗಲ್ಲ."

ಕಣಕ್ಕೆ ಬಂದವರಿಗೆ ಕಾಫಿ ಕೊಡದೆ ಅವಳು ಕಳಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.